ಮೊಬೈಲ್ ಗದರುವುದಿಲ್ಲ

ಶಹಾಪುರದಲ್ಲಿ ಮಗ್ರಿಬ್ ನಮಾಝಿನ ಬಳಿಕ ಮಕ್ಕಳಿಗೆ ಅರಬಿ ಕಲಿಸುವ ನಮಗೆ ಈಚೆಗೆ ಸಹೋದ್ಯೋಗಿಯೊಬ್ಬ ದೊರೆತಿದ್ದಾನೆ: ಮಕ್ಕಳ ಮನೆಯ ಮೊಬೈಲ್. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಓದುವವರ ಧ್ವನಿಯನ್ನು ಆಲಿಸಿ, ಮೂಲ ಪಾಠದೊಡನೆ ಹೋಲಿಸಿ, ಬಿಟ್ಟುಹೋದ ಪದವನ್ನು ತೋರಿಸುತ್ತವೆ. ಕಂಠಪಾಠ ಮಾಡುವವರಿಗೆ ಇದು ದೊಡ್ಡ ನೆರವು.

ಒಂದು ಸಂಜೆ ಏಳನೆಯ ತರಗತಿಯ ಬಾಲಕಿಯೊಬ್ಬಳು ಸೂರಃ ಇಖ್ಲಾಸ್ ಓದತೊಡಗಿದಳು. ಮೊದಲ ಪದವೇ ‘ಖುಲ್’ ಆಯಿತು. ನಾವು ತಡೆದೆವು.

“ಹಜ್ರತ್, ಮೊಬೈಲ್‌ನಲ್ಲಿ ಸರಿ ಅಂತ ಬಂದಿದೆ” ಎಂದಳು.

ದೋಷ ಅವಳೊಬ್ಬಳದಲ್ಲ. ಕಿರುನಾಲಿಗೆಯ ಬಳಿ ಹುಟ್ಟಬೇಕಾದ ‘ಬಡಾ ಕಾಫ್’ ನಮ್ಮ ದಖನಿ ಮಾತಿನಲ್ಲಿ ‘ಖ’ ಆಗಿಬಿಡುತ್ತದೆ. ಗೋರಿಯೆಂಬ ಅರ್ಥದ ‘ಕಬರ್’, ಸುದ್ದಿಯೆಂಬ ‘ಖಬರ್’ ಆಗುತ್ತದೆ. ತಿದ್ದಲು ಹೋಗಿ ಸಾಮಾನ್ಯ ‘ಕ’ಕಾರ ನುಡಿದರೆ, ‘ಹೇಳು’ ಎಂಬ ಪದ ‘ತಿನ್ನು’ ಎಂದಾಗುತ್ತದೆ. ಕನ್ನಡದಲ್ಲಿ ಎರಡನ್ನೂ ‘ಕುಲ್’ ಎಂದೇ ಬರೆಯುತ್ತೇವೆ. ಕನ್ನಡದಲ್ಲಿ ಪದವಿ ಪಡೆದ ನಮಗೆ ಲಿಪಿಯ ಅಭಿಮಾನ ಕಡಿಮೆಯೇನಲ್ಲ, ಆದರೆ ಇಲ್ಲಿ ಅದು ಸಾಲದು. ಮುಂದೆ ಯಾವ ಪದ ಬರಬೇಕೆಂಬುದು ಯಂತ್ರಕ್ಕೆ ಮೊದಲೇ ತಿಳಿದಿರುವುದರಿಂದ, ಹತ್ತಿರದ ಧ್ವನಿ ಕೇಳಿದರೆ ಅದೇ ಎಂದು ಒಪ್ಪಿಬಿಡಬಹುದು.

ಖಲೀಫಾ ಉಸ್ಮಾನ್(ರ) ಅವರು ಕುರ್‌ಆನಿನ ಪ್ರತಿಗಳನ್ನು ಪಟ್ಟಣಗಳಿಗೆ ಕಳುಹಿಸುವಾಗ ಓದಿ ಕಲಿಸುವವರನ್ನೂ ಜೊತೆಗೆ ಕಳುಹಿಸಿದರೆಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಅದನ್ನೇ ಅವಳಿಗೂ ಹೇಳಿ, ಮೊಬೈಲಿನೆದುರು ಗೆದ್ದೆವೆಂದುಕೊಂಡೆವು.

ಅವಳು ತಲೆತಗ್ಗಿಸಿ, “ಎಷ್ಟು ಸಲ ತಪ್ಪಿದರೂ ಅದು ಬಯ್ಯೋದಿಲ್ಲ, ಹಜ್ರತ್” ಎಂದಳು.

ಹಿಂದಿನ ವಾರ ಇದೇ ಪದಕ್ಕಾಗಿ ಎಲ್ಲರೆದುರು ಅವಳನ್ನು ಗದರಿಸಿದವರು ನಾವೇ. ಆಮೇಲೆ ಅವಳು ನಮ್ಮ ಮುಂದೆ ಬಾಯಿ ತೆರೆದಿರಲಿಲ್ಲ. ಮನೆಯ ಮೂಲೆಯಲ್ಲಿ ಮೊಬೈಲಿಗೆ ಓದಿ ಒಪ್ಪಿಸುತ್ತಿದ್ದಳು. ಅದು ಸರಿಯೆಂದ ಮೇಲೆಯೇ ಧೈರ್ಯ ಮಾಡಿ ಬಂದಿದ್ದಳು. ನಮ್ಮದೇ ಬಾಯಿಂದ ಆ ‘ಖ’ ತೊಲಗಲು ಮದ್ರಸದಲ್ಲಿ ಒಂದು ವರ್ಷ ಹಿಡಿದಿತ್ತು. ನಮ್ಮ ಉಸ್ತಾದರು ಅಷ್ಟೂ ದಿನ ಒಮ್ಮೆಯೂ ಗದರಿರಲಿಲ್ಲ. ನಾವದನ್ನು ಮರೆತಿದ್ದೆವು.

ಕಂಠಪಾಠವನ್ನು ಮೊಬೈಲಿಗೆ ಒಪ್ಪಿಸಲಿ, ಅಕ್ಷರಗಳನ್ನು ನಮ್ಮ ಬಳಿಗೆ ತರಲಿ ಎಂದು ಈಗ ಹೆತ್ತವರಿಗೆ ತಿಳಿಸಿದ್ದೇವೆ. ಎಲ್ಲರೆದುರು ಓದಿಸುವುದನ್ನು ಬಿಟ್ಟು, ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮೆಲುದನಿಯಲ್ಲಿ ಓದಿಸುತ್ತೇವೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಪಾಠ ಹಿಂದೆ ಬೀಳುತ್ತದೆ. ಮೊನ್ನೆ ಅವಳ ‘ಕುಲ್’ ಹನ್ನೊಂದನೆಯ ಸಲಕ್ಕೆ ಸರಿಯಾದ ಸ್ಥಾನದಿಂದ ಹೊರಟಿತು. ಅವಳು ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ಇಶಾದ ಅಝಾನ್ ಕೇಳಿಸಿತು.