ಮೂರು ಮೀನುಗಳೂ ಒಂದು ಹಾಯಿದೋಣಿಯೂ

ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ಕೇಳದ ಮಕ್ಕಳು ನಮ್ಮಲ್ಲಿ ವಿರಳ. ಬರಲಿರುವ ವಿಪತ್ತನ್ನು ಮುಂಚಿತವಾಗಿ ಅರಿತು ಏರ್ಪಾಡು ಮಾಡಿಕೊಂಡದ್ದು ಅನಾಗತವಿಧಾತೃ. ವಿಪತ್ತು ಬಂದಾಗ ತತ್‌ಕ್ಷಣವೇ ಉಪಾಯವನ್ನು ಕಂಡುಕೊಂಡದ್ದು ಪ್ರತ್ಯುತ್ಪನ್ನಮತಿ. ‘ಆಗುವುದು ಆಗಲಿ’ ಎಂದು ಸುಮ್ಮನಿದ್ದು ಬೆಸ್ತರ ಕೈಗೆ ಸಿಕ್ಕಿದ್ದು ಯದ್ಭವಿಷ್ಯ. ಮೂವತ್ತು ವರ್ಷಕಾಲ ಈ ಕಥೆಯನ್ನು ಪಾಠ ಹೇಳಿದ ನಾನು ಮೂರನೆಯ ಮೀನನ್ನು ಹಳಿಯದೆ ಎಂದೂ ಪಾಠವನ್ನು ಮುಗಿಸಿದವನಲ್ಲ. ಅದರ ಪರವಾಗಿ ಒಂದು ಮಾತನ್ನು ಹೇಳಬೇಕಾದ ಪ್ರಸಂಗವು ನಿವೃತ್ತನಾದ ಮೇಲೆ, ಅದೂ ದೂರದೇಶದ ಕಡಲ ತೀರದಲ್ಲಿ, ನನಗೆ ಒದಗಿತು.

ನನ್ನ ಮಗನು ಅಮೆರಿಕಾ ದೇಶದ ಈಶಾನ್ಯ ಮೂಲೆಯಲ್ಲಿರುವ ಮೇನ್ ಸಂಸ್ಥಾನದ ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಉದ್ಯೋಗದಲ್ಲಿರುವನು. ಅವನು ಕೂಡಿಟ್ಟ ಹಣದಿಂದ 28 ಅಡಿ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದನು. ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ದೋಣಿಯ ಗೊಡವೆಯೇಕೆಂದು ನಾನು ಆಕ್ಷೇಪಿಸಿದ್ದುಂಟು. ಆ ಪ್ರಾಂತದಲ್ಲಿ ಶರತ್ಕಾಲ ಮುಗಿಯುವಷ್ಟರಲ್ಲಿ ಬಹುಪಾಲು ದೋಣಿಗಳನ್ನು ಯಂತ್ರದಿಂದ ದಡಕ್ಕೆ ಎತ್ತಿ, ಹೊದಿಕೆ ಹೊದಿಸಿ ಇಡುವರು. ನನ್ನ ಮಗನಾದರೋ ‘ಇನ್ನೊಂದು ವಾರ, ಇನ್ನೊಂದು ವಾರ’ ಎಂದು ತಡಮಾಡಿ ಸರದಿಯನ್ನು ತಪ್ಪಿಸಿಕೊಂಡಿದ್ದನು. 2023ರ ಡಿಸೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋದಾಗ ದೋಣಿಯು ನೀರಿನಲ್ಲಿಯೇ ಇದ್ದಿತು.

2024ರ ಜನವರಿ 10ರಂದು ಮೊದಲನೆಯ ಬಿರುಗಾಳಿ ಬಂದಿತು. ಅಲ್ಲಿಯ ಜನರು ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುವ ಗಾಳಿಗೆ ಪಳಗಿದವರು. ಇದು ಆಗ್ನೇಯದಿಂದ ಬೀಸಿ, ಮರೆಯೆಂದು ನಂಬಿದ್ದ ಸ್ಥಳಗಳ ಮೇಲೆಯೇ ಅಲೆಗಳನ್ನು ತಂದೊಡ್ಡಿತು. ಮರುದಿನ ಎಳ್ಳಮಾವಾಸ್ಯೆ. ನಮ್ಮ ಕಡೆಯಲ್ಲಿ ಜನರು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಆ ದಿನ, ಇನ್ನೊಂದು ಬಿರುಗಾಳಿಯು ಶನಿವಾರ ಮಧ್ಯಾಹ್ನದ ಉಬ್ಬರದ ವೇಳೆಗೆ ಸರಿಯಾಗಿ ಬರಲಿದೆಯೆಂಬ ಮುನ್ಸೂಚನೆಯನ್ನು ಮಗನು ಓದಿ ಹೇಳಿದನು. ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವು ಸಹಜವಾಗಿಯೇ ಹೆಚ್ಚು. ವಾಯುಭಾರವು ಒಂದು ಮಿಲಿಬಾರ್ ಇಳಿದರೆ ಸಮುದ್ರವು ಸುಮಾರು ಒಂದು ಸೆಂಟಿಮೀಟರ್ ಏರುವುದು. ಇವೆರಡರ ಮೇಲೆ ಗಾಳಿಯು ನೀರನ್ನು ದಡಕ್ಕೆ ನೂಕುವುದು. ಮೂರೂ ಕೂಡಿದರೆ ಹೇಳತಕ್ಕದ್ದೇನು!

ಶುಕ್ರವಾರ ಅವನ ಸಂಗಡ ನಾನೂ ಬಂದರಿಗೆ ಹೋದೆನು. ದೋಣಿಗಳನ್ನು ಕಟ್ಟುವ ಮರದ ಹಾಸುಗಟ್ಟೆಯು ಅಲ್ಲಿ ನೀರಿನ ಮೇಲೆ ತೇಲುತ್ತಿರುವುದು. ಕಡಲ ತಳಕ್ಕೆ ಬಡಿದ ಎತ್ತರದ ಕಂಬಗಳಿಗೆ ಅದನ್ನು ಕಬ್ಬಿಣದ ಬಳೆಗಳಿಂದ ತೊಡಿಸಿರುವರು. ನೀರು ಏರಿದಂತೆ ಏರುವುದು, ಇಳಿದಂತೆ ಇಳಿಯುವುದು. ಮಗನು ಹಾಯಿಗಳನ್ನೆಲ್ಲ ಬಿಚ್ಚಿ ಮನೆಗೆ ಸಾಗಿಸಿದನು. ಗಾಳಿಯ ವೇಗವು ಇಮ್ಮಡಿಯಾದರೆ ಅದರ ನೂಕು ನಾಲ್ಮಡಿಯಾಗುವುದರಿಂದ ಗಾಳಿಗೆ ಸಿಕ್ಕುವ ಬಟ್ಟೆಯ ತುಂಡೂ ಶತ್ರುವೇ ಎಂದನು. ಒಂದೊಂದು ಹಗ್ಗಕ್ಕೂ ಜೊತೆಯಾಗಿ ಇನ್ನೊಂದನ್ನು ಕಟ್ಟಿದನು. ನೈಲಾನ್ ಹಗ್ಗವು ಹಿಗ್ಗಿ ಹೊಡೆತವನ್ನು ನುಂಗಿಕೊಳ್ಳುವುದಂತೆ. ಆದರೆ ಹಾಗೆ ಹಿಗ್ಗಿ ಕುಗ್ಗುವಾಗ ಅಂಚಿಗೆ ಉಜ್ಜಿ ಸವೆಯುವುದು. ಆದುದರಿಂದ ಉಜ್ಜುವೆಡೆಗಳಲ್ಲೆಲ್ಲ ಹಳೆಯ ನೀರುಕೊಳವೆಯ ತುಂಡುಗಳನ್ನು ತೊಡಿಸಿದನು. ಕೈಬೆರಳು ಮರಗಟ್ಟುವ ಆ ಚಳಿಯಲ್ಲಿ ಅವನ ಕೆಲಸವನ್ನು ನೋಡಿ, ಶರತ್ಕಾಲದ ಯದ್ಭವಿಷ್ಯನು ಈಗ ಅನಾಗತವಿಧಾತೃವಾದನೆಂದು ನಾನು ಮನಸ್ಸಿನಲ್ಲಿಯೇ ನಕ್ಕೆನು.

ಶನಿವಾರ ಮಧ್ಯಾಹ್ನ ನನಗೆ ನಗು ಬರಲಿಲ್ಲ. ದಡದಿಂದ ಹಾಸುಗಟ್ಟೆಗೆ ಇಳಿಜಾರಾಗಿರಬೇಕಾದ ಕಾಲುಸೇತುವೆಯು ಅಂದು ದಡದಿಂದ ಮೇಲಕ್ಕೆ ಏರಿ ನಿಂತಿದ್ದಿತು. ಕಬ್ಬಿಣದ ಬಳೆಗಳಿಗೂ ಕಂಬಗಳ ತುದಿಗೂ ನಡುವೆ ಎರಡು ಮೊಳದಷ್ಟು ಅಂತರವೂ ಉಳಿದಿರಲಿಲ್ಲ. ಅದನ್ನು ಮೀರಿದರೆ ಹಾಸುಗಟ್ಟೆಯೇ ಕಳಚಿಕೊಂಡು, ಕಟ್ಟಿದ ದೋಣಿಗಳೊಡನೆ ತೇಲಿಹೋಗುವುದು. ಅಷ್ಟರಲ್ಲಿ ಮಗನ ದೋಣಿಯ ಒಂದು ಹಗ್ಗವು ಕಡಿದದ್ದು ದಡದಿಂದಲೇ ಕಂಡಿತು. ಅವನು ಕದಲಲಿಲ್ಲ. ನಾನು ತಾಳಲಾರದೆ, “ಕಣ್ಣೆದುರಿಗೆ ಹಗ್ಗ ಕಡಿದರೂ ಸುಮ್ಮನೆ ನಿಂತಿರುವೆಯಲ್ಲ! ಪ್ರಯತ್ನವೆಂಬುದು ಬೇಡವೇ?” ಎಂದುಬಿಟ್ಟೆನು.

ಅವನು ನನ್ನ ಕಡೆಗೆ ತಿರುಗದೆಯೇ, “ನನ್ನಿಂದಾಗುವುದನ್ನು ನಿನ್ನೆಯೇ ಮಾಡಿದೆನಪ್ಪಾ. ಕಂಬದ ಎತ್ತರವು ನನ್ನ ಕೈಯಲ್ಲಿಲ್ಲ. ಈ ನೀರಿನಲ್ಲಿ ಬಿದ್ದರೆ ಹತ್ತು ನಿಮಿಷದೊಳಗೆ ಕೈಕಾಲು ಆಡವು” ಎಂದನು. ಅವನ ಕಣ್ಣು ಉಳಿದ ಹಗ್ಗದ ಮೇಲೆಯೇ ಇದ್ದಿತು, ತುಟಿ ನಡುಗುತ್ತಿದ್ದಿತು. ಒಂದು ದೋಣಿಗಾಗಿ ಮಗನನ್ನು ಆ ನೀರಿನ ಬಾಯಿಗೆ ನೂಕುವ ಮಾತನ್ನಾಡಿದೆನಲ್ಲಾ ಎಂದು ನನ್ನ ಎದೆಯು ಝಲ್ಲೆಂದಿತು. ಅವನ ಪಕ್ಕಕ್ಕೆ ಹೋಗಿ ಸುಮ್ಮನೆ ನಿಂತೆನು. ಎಷ್ಟು ಹೊತ್ತಾಯಿತೋ ತಿಳಿಯದು. ಬಳೆಗಳು ಕಂಬದಲ್ಲಿ ಒಂದಿಷ್ಟು ಕೆಳಗಿಳಿದುದನ್ನು ಮೊದಲು ಕಂಡವನು ಅವನೇ.

ಅಂದು ಪೋರ್ಟ್‌ಲೆಂಡಿನ ಉಬ್ಬರವು 14.57 ಅಡಿಗೆ ಏರಿದ್ದಿತು. 1912ರಿಂದ ಅಲ್ಲಿ ಅಳತೆಯನ್ನು ಬರೆದಿಡುತ್ತಿರುವರು, 1978ರ 14.17 ಅಡಿಯೇ ಅದುವರೆಗಿನ ಪರಮಾವಧಿ. ನೆರೆಯ ಸೌತ್ ಪೋರ್ಟ್‌ಲೆಂಡಿನ ವಿಲ್ಲಾರ್ಡ್ ತೀರದಲ್ಲಿ ಬೆಸ್ತರ ಹಳೆಯ ಗುಡಿಸಲುಗಳು ಅದೇ ಮಧ್ಯಾಹ್ನ ಕೊಚ್ಚಿಹೋದವು. ನಮ್ಮ ದೋಣಿಯಲ್ಲಿ, ಕೊಳವೆಯ ತುಂಡು ಜಾರಿದ್ದೆಡೆಯಲ್ಲಿ ಹಗ್ಗವು ಕಡಿದಿದ್ದಿತು. ಅದರ ಜೊತೆಗೆ ಕಟ್ಟಿದ ಎರಡನೆಯ ಹಗ್ಗವು ದೋಣಿಯನ್ನು ಹಿಡಿದಿದ್ದಿತು.

ಎರಡು ದಿನಗಳ ತರುವಾಯ ಸಂಕ್ರಾಂತಿ. ಎಳ್ಳುಬೆಲ್ಲವನ್ನು ಕೈಗಿಡುತ್ತ ಮಗನು, “ಈ ವರ್ಷ ತಪ್ಪದೆ ದೋಣಿಯನ್ನು ದಡಕ್ಕೆ ಎತ್ತಿಸುವೆನಪ್ಪಾ” ಎಂದನು. ನಾನು ಆ ಮೂರು ಮೀನುಗಳನ್ನು ನೆನೆದೆನು. ಅವು ಮೂರು ಬಗೆಯ ಜನರೆಂದು ಇಷ್ಟು ವರ್ಷ ಪಾಠ ಹೇಳಿದೆನು; ಒಬ್ಬನೇ ಮನುಷ್ಯನ ಮೂರು ವೇಳೆಗಳೆಂದು ಈಗ ತೋರುವುದು. ‘ಆಗುವುದು ಆಗಲಿ’ ಎಂಬ ಮಾತನ್ನು ಕೆಲಸಕ್ಕೆ ಮೊದಲು ಆಡಿದವನು ಸೋಮಾರಿ. ಕೆಲಸವೆಲ್ಲ ಮುಗಿದ ಮೇಲೆ, ನಡುಗುವ ತುಟಿಯಿಂದಲಾದರೂ ಆಡಬಲ್ಲವನು ಧೀರ. ಇನ್ನೊಮ್ಮೆ ಆ ಪಾಠವನ್ನು ಹೇಳುವ ಭಾಗ್ಯ ಬಂದರೆ ಮೂರನೆಯ ಮೀನನ್ನು ಅಷ್ಟಾಗಿ ಹಳಿಯಲಾರೆನು.