ನೋಡದ ದೊಡ್ಡಪ್ಪನ ಮನೆ

ಯುವಮಿತ್ರರೇ, ಮುಖವನ್ನೇ ನೋಡದ ಬಂಧುವಿನ ಮನೆಯಲ್ಲಿ ನಿಮಗೆ ಪಾಲು ಬಂದರೆ ಏನು ಮಾಡುತ್ತೀರಿ?

ನಾನು ಹುಟ್ಟುವ ಮೊದಲೇ ಕೆನಡಾ ಸೇರಿದ್ದ ದೊಡ್ಡಪ್ಪ ಮದುವೆಯಾಗದೆ, ಉಯಿಲೂ ಬರೆಯದೆ ಅಲ್ಲೇ ತೀರಿಕೊಂಡರು. ಹರೆಯದಲ್ಲಿ ಕೆಲಸ ಮಾಡಿದ್ದ ಕೋಲ್ಕತ್ತಕ್ಕೆ ಮರಳುವ ಆಸೆಯಿಂದ ನ್ಯೂ ಟೌನಿನಲ್ಲಿ ಫ್ಲ್ಯಾಟ್ ಕೊಂಡಿದ್ದರಂತೆ. ದಾಯಾದಿಯೊಬ್ಬರು ಹಕ್ಕು ಬಿಡುಗಡೆ ಪತ್ರ ಕಳುಹಿಸಿ ನನ್ನ ಸಹಿ ಕೇಳಿದರು. ಒಮ್ಮೆ ನೋಡಿಯೇ ಬರೋಣವೆಂದು ಹೊರಟೆ.

ವಿಮಾನ ನಿಲ್ದಾಣಕ್ಕೆ ಹತ್ತಿರದ ಊರು. ಮೊದಲು ರಾಜಾರ್‌ಹಾಟಿನ ಗದ್ದೆ, ಕೆರೆಗಳಿದ್ದ ಜಾಗ. 1999ರಲ್ಲಿ ಸ್ಥಾಪನೆಯಾದ ಹಿಡ್ಕೋ ಸಂಸ್ಥೆ ಇಲ್ಲಿ ಹೊಸ ನಗರ ಬೆಳೆಸಿತು. ಅಗಲವಾದ ರಸ್ತೆಗಳು, ಬಳೆ ತೂಗಿಟ್ಟಂತಹ ಬಿಸ್ವ ಬಾಂಗ್ಲಾ ಗೇಟ್, 2012ರಲ್ಲಿ ತೆರೆದ ಇಕೋ ಪಾರ್ಕಿನ ವಿಶಾಲ ಕೆರೆ!

ಫ್ಲ್ಯಾಟಿನಲ್ಲಿ ಇದ್ದದ್ದು ಒಂದು ಕುರ್ಚಿ, ಡಬ್ಬದಿಂದ ತೆಗೆಯದ ಹಿತ್ತಾಳೆ ಕಾಫಿ ಫಿಲ್ಟರ್. ಕಣ್ಣು ತುಂಬಿತು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ, ಉಯಿಲಿಲ್ಲದೆ ತೀರಿಕೊಂಡವರಿಗೆ ಹೆಂಡತಿ, ಮಕ್ಕಳು, ಹೆತ್ತವರು, ಒಡಹುಟ್ಟಿದವರು ಯಾರೂ ಇಲ್ಲದಿದ್ದರೆ, ಒಡಹುಟ್ಟಿದವರ ಮಕ್ಕಳಿಗೆ ಸಮಪಾಲು. ಗಂಡು ಹೆಣ್ಣೆಂಬ ಭೇದವಿಲ್ಲ. ನಾವು ಐವರು, ನನ್ನದು ಐದರಲ್ಲೊಂದು. ಅದು ಇಡೀ ಮನೆಯಲ್ಲಿನ ಪಾಲು, ಇಂಥ ಕೋಣೆಯೆಂದಲ್ಲ. ವಿದೇಶಿ ಪೌರತ್ವ ಪಡೆದ ಭಾರತ ಮೂಲದ ನೀವೂ ಹೀಗೆ ವಾರಸುದಾರರಾಗಬಹುದು. ಆದ್ದರಿಂದ ಓದದೆ, ನೋಡದೆ ಎಲ್ಲಿಯೂ ಸಹಿ ಹಾಕಬೇಡಿ.

ನಾನು ಸಹಿ ಹಾಕಲಿಲ್ಲ. ಐವರೂ ಮೊದಲ ಸಲ ಫೋನಿನಲ್ಲಿ ಮಾತಾಡಿದೆವು. ಮನೆಯ ತೀರ್ಮಾನ ಇನ್ನೂ ಆಗಿಲ್ಲ. ಉಳಿದವರನ್ನು ಕೇಳಿ ಫಿಲ್ಟರ್ ತಂದಿದ್ದೇನೆ. ದಿನಾ ಬೆಳಿಗ್ಗೆ ಅದರಲ್ಲೇ ಕಾಫಿ.

ಬದುಕಿದ್ದಾಗ ಅವರಿಗೆ ನಾನೊಂದು ಕಾಗದ ಬರೆಯಲಿಲ್ಲ. ನೀವಾದರೂ ನಿಮ್ಮ ದೊಡ್ಡಪ್ಪ, ಅತ್ತೆಯರಿಗೆ ಇವತ್ತೇ ಫೋನ್ ಮಾಡಿ.