ಅಂಗಡಿ ನೋಡದವರ ಐದು ಸ್ಟಾರ್

ಸಲಗರದಲ್ಲಿರುವ ಉಪ್ಪನ ಕಿರಾಣಿ ಅಂಗಡಿಗೆ ಗೂಗಲ್ ಮ್ಯಾಪಿನಲ್ಲಿ ಪ್ರೊಫೈಲ್ ಮಾಡಿದಾಗ, ಮಂಗಳೂರಿನಿಂದ ದುಬೈವರೆಗಿನ ಬಂಧುಗಳೆಲ್ಲ ಐದು ಸ್ಟಾರ್ ಹಾಕಲು ತಯಾರಾದರು. ಪ್ರೀತಿಯಿಂದಲೇ. ನಾನು ಬೇಡವೆಂದೆ, ಮಾವ ಮುನಿಸಿಕೊಂಡರು. ಅಂಗಡಿಯ ಮೆಟ್ಟಿಲು ಹತ್ತದವರ ಹೊಗಳಿಕೆ ಸುಳ್ಳು ಸಾಕ್ಷಿಯಲ್ಲವೇ? ಗೂಗಲ್ ನಿಯಮವೂ ಅದನ್ನು ಒಪ್ಪುವುದಿಲ್ಲ. ಆನ್‌ಲೈನ್ ರಿವ್ಯೂಗಳಿಗೆಂದೇ 2022ರಲ್ಲಿ ಬಿಐಎಸ್ ಐಎಸ್ 19000 ಎಂಬ ಮಾನದಂಡ ತಂದಿದೆ.

ಗುರುತಿಲ್ಲದವರೂ ಪರೀಕ್ಷಿಸಿ ನೋಡಬಹುದಾದ್ದನ್ನು ಮಾತ್ರ ಹಾಕಿದೆವು. ಬೋರ್ಡಿನ ಹೆಸರೇ ಫೋನಿನಲ್ಲೂ. ಎಫ್‌ಎಸ್‌ಎಸ್‌ಎಐಯ 14 ಅಂಕಿಯ ನಂಬರ್. 15 ಅಕ್ಷರಗಳ ಜಿಎಸ್‌ಟಿ ನಂಬರ್. ಮಹಾರಾಷ್ಟ್ರದ್ದು 27ರಿಂದ ಶುರು, ಕರ್ನಾಟಕದ್ದು 29ರಿಂದ. ಎರಡನ್ನೂ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ತಾಳೆ ನೋಡಬಹುದು. ಫೋಟೋಗಳು ನಾವೇ ತೆಗೆದವು. ಅಕ್ಕಲಕೋಟ ತಾಲೂಕಿನಲ್ಲಿ ಎಷ್ಟೋ ಜನರ ಮನೆಮಾತು ಕನ್ನಡ, ಕಚೇರಿಯ ಭಾಷೆ ಮರಾಠಿ. ಆದ್ದರಿಂದ ವಿವರ ಎರಡರಲ್ಲೂ ಇದೆ. ಶುಕ್ರವಾರ ಜುಮಾ ನಮಾಜಿಗೆ ಬಾಗಿಲು ಹಾಕುವ ಹೊತ್ತನ್ನೂ ಬರೆದೆವು. ಬಿಸಿಲಲ್ಲಿ ಬಂದವರು ಬರಿಗೈಲಿ ಮರಳಬಾರದು.

ಈಗಿರುವುದು ಏಳೇ ರಿವ್ಯೂ. ಒಂದರಲ್ಲಿ "ಚಿಲ್ಲರೆ ಸಿಗಲ್ಲ" ಎಂಬ ದೂರೂ ಇದೆ. ಉಪ್ಪ ಅದಕ್ಕೆ ಉತ್ತರ ಬರೆಸಿದರು. ಏಳೂ ಮಂದಿ ನಮ್ಮ ತಕ್ಕಡಿ ಕಂಡವರು.

ನಮ್ಮವರ ಅಂಗಡಿಗೆ ನೆರವಾಗಬೇಕೇ? ಸಾಮಾನು ಕೊಳ್ಳಿ, ಆಮೇಲೆ ಕಂಡದ್ದನ್ನು ಬರೆಯಿರಿ. ತೂಕದಲ್ಲಿ ಮೋಸ ಹರಾಮ್ ಎನ್ನುವ ನಮಗೆ ಸ್ಟಾರ್ ಕೂಡ ತೂಕವೇ.